ಕೇಳುವ ಕಿವಿ, ಹಾಡದ ಬಾಯಿ



ಕಳೆದ ಶ್ರಾವಣದ ಒಂದು ಸೋಮವಾರ ಭೂತನಾಳದ ನಾಲ್ಕು ಜನ ತರುಣರು ನಮ್ಮ ದರ್ಶನಕ್ಕೆ ಬಂದರು. ನಮಸ್ಕರಿಸಿ, ಕ್ಷೇಮಸಮಾಚಾರ ಮುಗಿದ ಮೇಲೆ ಚೀಲದಿಂದ ಒಂದು ಪಟ್ಟಿ ಪುಸ್ತಕವನ್ನು ತೆಗೆದು ನಮ್ಮೆದುರು ಇಟ್ಟರು. ಜಾತ್ರೆಗೆ ದೂರದ ಊರಿನಿಂದ ಆರ್ಕೆಸ್ಟ್ರಾ ತರಿಸಬೇಕೆಂಬುದು ಅವರ ನಿಶ್ಚಯ. ಟಿ.ವಿ.ಯಲ್ಲಿ ಹಾಡಿದ ಇಬ್ಬರು ಗಾಯಕರು ಬರುತ್ತಾರೆ, ದೀಪದ ಅಲಂಕಾರವೂ ಅವರದೇ, ಒಟ್ಟು ಖರ್ಚು ಒಂದೂವರೆ ಲಕ್ಷ. ಪಟ್ಟಿಯ ಮೊದಲ ಸಾಲು ಶ್ರೀಮಠದ ಹೆಸರಿನಲ್ಲಿದ್ದರೆ ಊರವರು ಕೈ ಬಿಚ್ಚುತ್ತಾರೆ ಎಂಬ ಲೆಕ್ಕ ಅವರದು. "ಊರಿಗೆ ಒಂದು ಕಳೆ ಬರ್ತದರಿ ಅಪ್ಪಾರ" ಎಂದರು.

"ಊರಿನ ಭಜನಿ ಮ್ಯಾಳ ಯಾವಾಗ ಹಾಡ್ತದಪಾ?" ಎಂದು ನಾವು ಕೇಳಿದೆವು. ತರುಣರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಸ್ವಲ್ಪ ಧೈರ್ಯಸ್ಥನಾದವನು ಹೇಳಿದ: "ಅವರ ಹಾಡ ಈಗ ಯಾರ್ ಕೇಳ್ತಾರ್ರಿ ಅಪ್ಪಾರ? ಅದಕ್ಕಿಂತ ಚಲೋ ಚಲೋ ಹಾಡ ಮೊಬೈಲಿನ್ಯಾಗ ಸಿಗ್ತಾವ."

ಆ ಹುಡುಗನ ಮಾತಿನಲ್ಲಿ ಕುಹಕವಿರಲಿಲ್ಲ, ಕಂಡದ್ದನ್ನು ಹೇಳಿದ. ಆದರೆ ಪಡಸಾಲೆಯ ಕಂಬಕ್ಕೆ ಒರಗಿ ಒಬ್ಬ ಹಿರಿಯರು ಕುಳಿತಿದ್ದರು. ಅದೇ ಮೇಳದಲ್ಲಿ ನಲವತ್ತು ವರ್ಷ ದಮ್ಮಡಿ ಬಾರಿಸಿದವರು. ಅವರು ಮೆಲ್ಲನೆ ಎದ್ದು, ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡು, ಪ್ರಸಾದಕ್ಕೂ ಕಾಯದೆ ಹೊರಟುಹೋದರು. ಕರೆದರೂ ತಿರುಗಲಿಲ್ಲ, ಕಿವಿ ಮಂದವೋ, ಮನಸ್ಸು ಮಂದವಾಯಿತೋ ಶಿವನೇ ಬಲ್ಲ.

"ಯಾರು ಕೇಳುತ್ತಾರೆ" ಎಂಬ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಈ ಅಂಕಣದಲ್ಲಿ ಅದನ್ನೇ ಬಿಡಿಸಿ ನೋಡಬೇಕೆಂದಿದ್ದೇವೆ.

ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳಿದ್ದಾರೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಆಯಾ ಇಂದ್ರಿಯದ ವಿಷಯವನ್ನು ಆಯಾ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಅದು ಪ್ರಸಾದ. ಅರ್ಪಿಸದೆ ಕೊಂಡರೆ ಅನರ್ಪಿತ. ಇದನ್ನು ಊಟಕ್ಕೆ ಮಾತ್ರ ಅನ್ವಯಿಸಿಕೊಂಡು ನಾವು ಸುಮ್ಮನಾಗಿದ್ದೇವೆ. ತಟ್ಟೆಯ ಮುಂದೆ ಕಣ್ಣು ಮುಚ್ಚಿ ಇಷ್ಟಲಿಂಗವನ್ನು ನೆನೆಯುವ ಭಕ್ತನು ಕಿವಿಗೆ ಬೀಳುವುದನ್ನು ನೆನೆಯದೆಯೇ ಉಣ್ಣುತ್ತಾನೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆಕಾಶ ತತ್ತ್ವಕ್ಕೆ ಸೇರಿದ ಜ್ಞಾನೇಂದ್ರಿಯ ಕಿವಿ; ಅದೇ ತತ್ತ್ವಕ್ಕೆ ಸೇರಿದ ಕರ್ಮೇಂದ್ರಿಯ ಬಾಯಿ, ಅಂದರೆ ವಾಕ್ಕು. ಎರಡಕ್ಕೂ ವಿಷಯ ಒಂದೇ, ಶಬ್ದ. ಶಾಸ್ತ್ರಕಾರರು ಕಿವಿಯನ್ನೂ ಬಾಯಿಯನ್ನೂ ಒಂದೇ ಮನೆಯಲ್ಲಿಟ್ಟರು. ಕಿವಿಯೊಂದೇ ದುಡಿದು ಬಾಯಿ ಕೂತು ಉಂಡರೆ, ಅಥವಾ ಬಾಯಿಗೆ ಬೀಗ ಬಿದ್ದು ಕಿವಿಯೊಂದೇ ಉಣ್ಣುತ್ತ ಹೋದರೆ, ಆ ಮನೆ ನಡೆದೀತೆ?

ಆಲಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆಲಿಸದವನು ಹಾಡುವುದಾದರೂ ಹೇಗೆ? ಮೇಳದಲ್ಲಿ ಕಲಿಯುವ ಕ್ರಮವೇ ಹಾಗಿತ್ತು. ಹುಡುಗನು ಮೊದಲು ಹಿರಿಯರ ಬೆನ್ನ ಹಿಂದೆ ಕುಳಿತು ಕೇಳಬೇಕು. ಆಮೇಲೆ ಅವನ ಕೈಗೆ ತಾಳ. ತಾಳ ತಪ್ಪದೆ ಎರಡು ಮೂರು ಶ್ರಾವಣ ಕಳೆದರೆ ದಮ್ಮಡಿ. ಅಷ್ಟರಲ್ಲಿ ಅರಿವಿಲ್ಲದೆ ನೂರಾರು ಪದ ಬಾಯಿಗೆ ಬಂದಿರುತ್ತಿದ್ದವು. ಒಂದು ದಿನ ಹೇಳುವವರಿಗೆ ನೆಗಡಿಯಾದಾಗ "ನೀ ಹೇಳಲೇ" ಎಂಬ ಅಪ್ಪಣೆ ಆಗುತ್ತಿತ್ತು. ಆ ದಿನ ಹುಡುಗನಿಗೆ ಬರುವ ನಡುಕವನ್ನು ಯಾವ ಕಂಪನಿಯೂ ಮಾರಲಾರದು. ಅವನ ತಾಯಿ ಕತ್ತಲೆಯಲ್ಲಿ ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದಳು.

ನಮ್ಮ ಸೀಮೆ ಹಾಡಿಗೆ ಬಡ ಸೀಮೆಯಲ್ಲ. ವಿಜಯಪುರವನ್ನು 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಎಷ್ಟು ಗವಾಯಿಗಳನ್ನಾದರೂ ಇಟ್ಟುಕೊಳ್ಳುವ ಶಕ್ತಿಯಿತ್ತು; ಇಟ್ಟುಕೊಂಡೂ ಇದ್ದ. ಆದರೂ ಅವನು ತಾನೇ ಕುಳಿತು ದಖನಿ ಭಾಷೆಯಲ್ಲಿ ಪದಗಳನ್ನು ಕಟ್ಟಿದ, ಅವನ್ನು ರಾಗಕ್ಕೆ ಹೊಂದಿಸಿದ, ಗಣಪತಿಯನ್ನೂ ಸರಸ್ವತಿಯನ್ನೂ ಸ್ತುತಿಸಿದ. 'ಕಿತಾಬೆ ನವರಸ' ಎಂದು ಆ ಪದಗಳಿಗೆ ಹೆಸರು. ತನ್ನ ತಂಬೂರಿಗೆ ಮೋತಿಖಾನ ಎಂದು ಮನುಷ್ಯರ ಹೆಸರಿಟ್ಟು ಮುದ್ದು ಮಾಡಿದವನು ಅವನು. ಅವನು ಕಟ್ಟಿಸತೊಡಗಿದ ನವರಸಪುರ ತೊರವಿಯ ಹತ್ತಿರ, ಭೂತನಾಳದವರಿಗೆ ದೂರದ ಮಾತೇನಲ್ಲ. ಅದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ಕುಮಾರ ವಾಲ್ಮೀಕಿಯೆಂಬ ನರಹರಿ ಕವಿ ಕನ್ನಡದಲ್ಲಿ ರಾಮಾಯಣ ಬರೆದ. ಕೊಂಡುಕೊಳ್ಳಬಲ್ಲ ಅರಸನೇ ಕೈಯಾರೆ ಮಾಡಿಕೊಂಡ ನೆಲದಲ್ಲಿ, ಕೊಂಡುಕೊಳ್ಳಲು ಸಾಲ ಮಾಡುವ ನಾವು ಏನನ್ನೂ ಮಾಡಿಕೊಳ್ಳುತ್ತಿಲ್ಲ.

ಶರಣರನ್ನಾದರೂ ನೋಡಿ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಶಿವಣಗಿಯವರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ದೇವರ ಹಿಪ್ಪರಗಿಯವರು. ಇಬ್ಬರೂ ನಮ್ಮ ಜಿಲ್ಲೆಯವರೇ. ಮಾತು ಕಟ್ಟುವುದು ಪಂಡಿತರ ಕೆಲಸ, ನಮ್ಮದು ಕೇಳುವ ಕೆಲಸ ಎಂದು ಅವರು ಅಂದುಕೊಂಡಿದ್ದರೆ ಇಂದು ನಾವು ಪ್ರವಚನ ಮಾಡಲು ಕೈಯಲ್ಲಿ ಏನಿರುತ್ತಿತ್ತು?

ಹಲಸಂಗಿಯ ಗೆಳೆಯರ ವಿಷಯ ಈ ಸೀಮೆಯ ಮಕ್ಕಳಿಗೆ ಪಠ್ಯದಲ್ಲಿ ಬರುತ್ತದೆ, ಪರೀಕ್ಷೆಯಾದ ಮೇಲೆ ಮರೆತುಹೋಗುತ್ತದೆ. ಭೀಮಾತೀರದ ಆ ಹಳ್ಳಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಆ ಪುಸ್ತಕವನ್ನು ತೆರೆದಾಗಲೆಲ್ಲ ನಮಗೆ ಬರುವ ವಿಚಾರ ಬೇರೆಯೇ. ಬೀಸುವ ಕಲ್ಲಿನ ಮುಂದೆ ಕುಳಿತು ಅಷ್ಟು ಪದಗಳನ್ನು ಕಟ್ಟಿದ ತಾಯಂದಿರಲ್ಲಿ ಅಕ್ಷರ ಬಲ್ಲವರು ಎಷ್ಟು ಜನ ಇದ್ದಾರು? ಅವರನ್ನು ಯಾರು ಕೇಳುತ್ತಿದ್ದರು? ಎದುರಿಗೆ ಕುಳಿತು ಗೂಟಕ್ಕೆ ಕೈಹಚ್ಚಿದ ನೆಗೆಣ್ಣಿ, ತೊಟ್ಟಿಲ ಕೂಸು, ಗೋದಲಿಯ ಎಮ್ಮೆ. "ಯಾರ್ ಕೇಳ್ತಾರ್ರಿ" ಎಂದು ಅವರು ಕೇಳಿಕೊಂಡಿದ್ದರೆ ಗೆಳೆಯರಿಗೆ ಬರೆದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಆದರೆ ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಆ ಪದಗಳು ಹುಟ್ಟಿದ್ದು ಕಷ್ಟದಲ್ಲಿ. ಕೋಳಿ ಕೂಗುವ ಮುಂಚೆ ಎದ್ದು ಜೋಳ ಬೀಸುವ ದುಡಿತದಲ್ಲಿ. ಬೀಸುವ ಕಲ್ಲು ಮರಳಿ ಬರಲಿ ಎಂದು ಯಾವ ತಾಯಿಗೂ ನಾವು ಹೇಳಲಾರೆವು. ಗಿರಣಿ ಬಂದದ್ದು ಶಿವಕೃಪೆ. ದೊಡ್ಡಾಟವೂ ಅಗ್ಗದ್ದಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮಾಸ್ತರರನ್ನು ಕರೆತಂದು ತಿಂಗಳುಗಟ್ಟಲೆ ಊಟ ಹಾಕಿ ತಾಲೀಮು ಮಾಡಬೇಕು, ವೇಷಭೂಷಣ ಬಾಡಿಗೆ ತರಬೇಕು. ಆಟದ ನಡುವೆ ಬೀಗರು ಎದ್ದು ಪಾತ್ರಧಾರಿಗೆ ಆಯೇರಿ ಮಾಡಬೇಕು; ಒಬ್ಬರು ಮಾಡಿದರೆಂದು ಇನ್ನೊಬ್ಬರು ಸಾಲ ಮಾಡಿ ಮಾಡಬೇಕು. ರಾಜನ ಪಾತ್ರದ ಸಲುವಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನೂ ನಾವು ಕಂಡಿದ್ದೇವೆ. ಹಾಡುವ ಬಾಯಿಗಳಿಗೆ ಒಳಗೆ ಕುಳಿತು ಉಣ್ಣುವ ಪಂಕ್ತಿ ಸಿಗದ ಊರುಗಳೂ ಇದ್ದವು. ಅದನ್ನು ಮುಚ್ಚಿಟ್ಟು ಹಿಂದಿನದೆಲ್ಲ ಚೆನ್ನವೆಂದರೆ ಬಸವಣ್ಣನವರು ಹುಟ್ಟಿದ ನೆಲಕ್ಕೆ ಸುಳ್ಳು ಹೇಳಿದಂತೆ.

ಆದರೂ ಅಂದಿನ ಖರ್ಚಿಗೂ ಇಂದಿನ ಖರ್ಚಿಗೂ ಒಂದು ಭೇದವಿದೆ. ಅಂದು ಮಾಸ್ತರರಿಗೆ ಕೊಟ್ಟ ಜೋಳ ಹೋದರೂ ಅವರು ಕಲಿಸಿದ ಆಟ ಊರಿನಲ್ಲಿ ಉಳಿಯುತ್ತಿತ್ತು. ಭೀಮನ ಪಾತ್ರ ಹಾಕಿದವನನ್ನು ಮುಪ್ಪಿನಲ್ಲಿಯೂ ಭೀಮನೆಂದೇ ಕರೆಯುತ್ತಿದ್ದರು. ಇಂದಿನ ಲೆಕ್ಕವನ್ನು ಭಕ್ತರು ಸ್ವತಃ ಮಾಡಿ ನೋಡಲಿ. ಒಂದು ಮನೆಯಲ್ಲಿ ಮೂರು ಫೋನು. ಒಂದೊಂದಕ್ಕೆ 28 ದಿನಕ್ಕೊಮ್ಮೆ ಹೆಚ್ಚುಕಡಿಮೆ 300 ರೂಪಾಯಿ. ನಮ್ಮ ಪಂಚಾಂಗದಲ್ಲಿ ವರ್ಷಕ್ಕೆ 12 ಮಾಸ, ಅಧಿಕ ಬಂದಾಗ 13. ಕಂಪನಿಯವರ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕವೇ, 28ರಂತೆ 13 ಸಲ. ಅಲ್ಲಿಗೆ ಮನೆಯೊಂದಕ್ಕೆ 11,700 ರೂಪಾಯಿ. ಫೋನಿನ ಬೆಲೆ ಬೇರೆ, ಡಿಶ್ಶಿನ ಹಣ ಬೇರೆ. ಇದರಲ್ಲಿ ಮಾತನಾಡಲಿಕ್ಕೆ, ಪೇಟೆಯ ದರ ನೋಡಲಿಕ್ಕೆ, ಮಕ್ಕಳ ಪಾಠಕ್ಕೆ ಬೇಕಾದುದೂ ಇದೆ, ಒಪ್ಪುತ್ತೇವೆ. ಆದರೆ ದಿನಕ್ಕೆ ಎರಡು ತಾಸು ಬರಿದೆ ನೋಡುವುದಕ್ಕೆ ಹೋದರೆ ವರ್ಷಕ್ಕೆ 730 ತಾಸಾಯಿತು. ಹಗಲು ರಾತ್ರಿ ಕೂಡಿಸಿ ಎಣಿಸಿದರೆ ಪೂರ್ತಿ ಒಂದು ತಿಂಗಳು. ಹಣವನ್ನು ದುಡಿದು ತರಬಹುದು. ಆ ತಿಂಗಳು ಯಾವ ಮಾಸದ ಲೆಕ್ಕಕ್ಕೆ ಬರಬೇಕು?

ನೋಡುವ ಚಟ ಅಲ್ಲಿಗೇ ನಿಲ್ಲುವುದೂ ಇಲ್ಲ. ಕ್ರಿಕೆಟ್ ಆಡುವ ಹುಡುಗ ಕ್ರಿಕೆಟ್ ನೋಡುವವನಾದ. ನೋಡುವವನು ಅದರ ಮೇಲೆ ಹಣ ಹಚ್ಚುವವನಾದ. ಎತ್ತು ಮಾರಿದ ದುಡ್ಡನ್ನು ಒಂದೇ ರಾತ್ರಿ ಫೋನಿನಲ್ಲಿ ಕಳೆದುಕೊಂಡವನ ತಾಯಿ ನಮ್ಮ ಮುಂದೆ ಕುಳಿತು ಅತ್ತಿದ್ದಾಳೆ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು, ಒಳ್ಳೆಯದಾಯಿತು. ಆದರೆ ಸಂಜೆಗೆ ಕೈಗೆ ಏನೂ ಕೆಲಸವಿಲ್ಲದ ಹುಡುಗನ ಕೈಗೆ ತಾಳ ಕೊಡುವ ಕಾಯಿದೆಯನ್ನು ಸಂಸತ್ತು ಮಾಡಲಾರದು.

ಈಗ ನಮ್ಮ ಮನಸ್ಸನ್ನು ಬಹಳ ಕಾಡಿದ ಒಂದು ಸಂಗತಿ. ನಮ್ಮಲ್ಲಿ ಯಾರಾದರೂ ಲಿಂಗೈಕ್ಯರಾದರೆ ಪಾರ್ಥಿವ ಶರೀರದ ಮುಂದೆ ಇಡೀ ರಾತ್ರಿ ಭಜನೆ ಮಾಡುವ ಸಂಪ್ರದಾಯವಿದೆ. ಕರೆಯಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಮೇಳ ತಾನೇ ಬರುತ್ತಿತ್ತು. ದುಃಖದಲ್ಲಿದ್ದ ಮನೆಯವರು ನಡುರಾತ್ರಿಯ ಹೊತ್ತಿಗೆ ತಾವೂ ಸೊಲ್ಲಿಗೆ ದನಿಗೂಡಿಸುತ್ತಿದ್ದರು. ಅಳುವ ಬಾಯಿಗೆ ಹಾಡು ಸಿಕ್ಕಿದರೆ ದುಃಖಕ್ಕೆ ಒಂದು ದಾರಿ. ಕಳೆದ ವರ್ಷ ಒಂದು ಹಳ್ಳಿಯಲ್ಲಿ ನಮ್ಮ ಭಕ್ತರಾದ ವೃದ್ಧೆಯೊಬ್ಬರ ದರ್ಶನಕ್ಕೆ ಹೋದೆವು. ಹೆಸರು ಬೇಡ. ತಲೆದೆಸೆಯಲ್ಲಿ ದೀಪ, ದೀಪದ ಪಕ್ಕದಲ್ಲಿ ಒಂದು ಫೋನು, ಅದಕ್ಕೊಂದು ಚಿಕ್ಕ ಸ್ಪೀಕರು. ಅದರಿಂದ ಭಜನೆ ಕೇಳಿಬರುತ್ತಿತ್ತು. ಹಾಡಿದವರು ಯಾರೋ, ಬಹಳ ಇಂಪಾಗಿಯೇ ಹಾಡಿದ್ದರು. ಮನೆಯವರು ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ಪದದ ನಡುವೆ ಹಾಡು ನಿಂತು ಬಣ್ಣದ ಜಾಹೀರಾತು ಬಂದಿತು, ಗೋಡೆಗೆ ಹಚ್ಚುವ ಬಣ್ಣದ್ದು. ಒಬ್ಬ ಮೊಮ್ಮಗ ಓಡಿಬಂದು ಬೆರಳಿನಿಂದ ಒತ್ತಿ ಅದನ್ನು ನಿಲ್ಲಿಸಲು ನೋಡಿದ. ಐದು ಸೆಕೆಂಡು ಅದು ನಿಲ್ಲಲೊಲ್ಲದು. ಆ ಐದು ಸೆಕೆಂಡು ಆ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆ ತಾಯಿ ತಾನು ಬದುಕಿದ್ದಾಗ ಎಷ್ಟೋ ಮನೆಗಳಲ್ಲಿ ರಾತ್ರಿ ಕಳೆದು ಹಾಡಿದವರು.

ಇನ್ನು ತಪ್ಪೊಪ್ಪಿಗೆ. ಇದನ್ನು ಬರೆಯದೆ ಮೇಲಿನದನ್ನೆಲ್ಲ ಬರೆಯುವ ಅಧಿಕಾರ ನಮಗಿಲ್ಲ.

1992ರಲ್ಲಿ ಭಕ್ತರೊಬ್ಬರು ಶ್ರೀಮಠಕ್ಕೆ ಒಂದು ಟೇಪ್ ರೆಕಾರ್ಡರು, ಎರಡು ಕರ್ಣೆ, ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳನ್ನು ಭಕ್ತಿಯಿಂದ ಕಾಣಿಕೆ ಮಾಡಿದರು. ಅಲ್ಲಿಯ ವರೆಗೆ ನಸುಕಿನಲ್ಲಿ ಆರು ಜನ ಭಜನೆಯವರು ಮಠಕ್ಕೆ ಬರುತ್ತಿದ್ದರು. ಚಳಿಗಾಲದಲ್ಲಿ ತಡವಾಗಿ ಬರುತ್ತಿದ್ದರು. ಒಬ್ಬರ ದನಿ ಯಾವಾಗಲೂ ಶ್ರುತಿಗಿಂತ ಕೆಳಗೆ. ಇನ್ನೊಬ್ಬರು ಪದದ ನಡುವೆಯೇ ತೂಕಡಿಸುತ್ತಿದ್ದರು. ಪೀಠಕ್ಕೆ ಹೊಸಬರಾಗಿದ್ದ ನಮಗೆ ಕ್ಯಾಸೆಟ್ಟಿನ ಶುದ್ಧ ಸ್ವರ ಹೆಚ್ಚು ಶ್ರೇಷ್ಠವೆನಿಸಿತು. ಬರಬೇಡಿರೆಂದು ಅವರಿಗೆ ನಾವು ಹೇಳಲಿಲ್ಲ. ಕರ್ಣೆ ಹಚ್ಚಿಸಿದೆವು, ಅಷ್ಟೇ. ಮೊದಲ ವಾರ ಆರೂ ಜನ ಬಂದು, ತಾಳ ಮಡಿಲಲ್ಲಿಟ್ಟುಕೊಂಡು, ಕ್ಯಾಸೆಟ್ಟು ಮುಗಿಯುವ ತನಕ ಕುಳಿತು ಹೋದರು. ಮುಂದಿನ ತಿಂಗಳು ನಾಲ್ವರು. ಯುಗಾದಿಯ ಹೊತ್ತಿಗೆ ಯಾರೂ ಇಲ್ಲ. ಅವರು ಬರುವುದನ್ನು ಬಿಟ್ಟರೆಂದು ನಾವು ಒಮ್ಮೆ ಆಕ್ಷೇಪಿಸಿದ್ದೂ ಉಂಟು! ಆರು ವರ್ಷದ ಮೇಲೆ ಟೇಪು ಕೆಟ್ಟಿತು. ಅಷ್ಟರಲ್ಲಿ ಹೇಳುವವರು ಲಿಂಗೈಕ್ಯರಾಗಿದ್ದರು. ಅವರೊಂದಿಗೆ ಎಷ್ಟು ಪದ ಹೋದವೋ, ಎಣಿಸಿ ಹೇಳಲು ಅವರೊಬ್ಬರಿಗೇ ಬರುತ್ತಿತ್ತು. ನಾವು ಹೊಸ ಟೇಪು ತರಿಸಿದೆವು.

ಆ ಆರು ಜನರಲ್ಲಿ ಅತಿ ಕಿರಿಯರಾಗಿದ್ದವರೇ ಮೊನ್ನೆ ಪಡಸಾಲೆಯಿಂದ ಎದ್ದು ಹೋದ ದಮ್ಮಡಿಯವರು. ಭೂತನಾಳದ ಹುಡುಗ ಬಾಯಿಂದ ಹೇಳಿದ್ದನ್ನು ನಾವು ಮೂವತ್ತು ವರ್ಷಗಳ ಹಿಂದೆಯೇ ಕರ್ಣೆಯಿಂದ ಹೇಳಿದ್ದೆವು.

ಯಂತ್ರವನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಮಾಡಲಾರೆವು. ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ದೇಹ ಬಿಟ್ಟರು. ಅವರ ಪ್ರವಚನವನ್ನು ಇಂದು ಮುದ್ರಿಕೆಯಲ್ಲಲ್ಲದೆ ಇನ್ನೆಲ್ಲಿ ಕೇಳುವುದು? ನಾವೂ ಕೇಳುತ್ತೇವೆ. ಹಾಸಿಗೆ ಹಿಡಿದ ಮುದುಕರಿಗೆ, ಕಣ್ಣಿಲ್ಲದವರಿಗೆ ಆ ಪುಟ್ಟ ಫೋನು ಗುರುವಿನಂತೆ ಹತ್ತಿರ ಬಂದು ಕೂಡುತ್ತದೆ. ಫೋನಿನಲ್ಲಿ ನೋಡಿಯೇ ಹಾರ್ಮೋನಿಯಂ ಕಲಿತ ಹುಡುಗರೂ ಇದ್ದಾರೆ. ತಾವೇ ಪದ ಕಟ್ಟಿ ಅದರಲ್ಲಿ ಬಿಡುವ ಹುಡುಗರೂ ಇದ್ದಾರೆ. ಅವುಗಳಲ್ಲಿ ಕೆಲವನ್ನು ಮಠದೊಳಗೆ ಬಿಟ್ಟುಕೊಳ್ಳಲಾಗದು, ಆ ಮಾತು ಬೇರೆ. ಕಟ್ಟುತ್ತಿದ್ದಾರಲ್ಲ ಎಂದು ಒಳಗೊಳಗೆ ಸಂತೋಷವೇ. ಬಾಯಿ ತೆರೆಸುವ ಫೋನು ಬೇರೆ, ಬಾಯಿ ಮುಚ್ಚಿಸುವ ಫೋನು ಬೇರೆ. ನೋಡಲಿಕ್ಕೆ ಎರಡೂ ಒಂದೇ ತೆರನಾಗಿರುತ್ತವೆ.

ಮಕ್ಕಳ ವಿಷಯದಲ್ಲಿ ನಮಗೆ ಹೆಚ್ಚಿನ ಕಳವಳ. ಮಣ್ಣೆತ್ತಿನ ಅಮವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡುವುದು, ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ, ಗುಲಗಂಜಿ ಕುಸುಬಿಕಾಳು ಹಚ್ಚಿ ಸಿಂಗರಿಸಿ ಪದ ಹೇಳುವುದು, ಕಡೆಗೆ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಉಂಡು ಬರುವುದು. ಇದಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಭೂತನಾಳದವರಿಗೆ ಮನೆಯ ಮಗ್ಗುಲಲ್ಲೇ ಕೆರೆ. ವಿಜಯಪುರದಂಥ ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಈಗ ಅಲ್ಲಿಯ ಮಕ್ಕಳು ಬಣ್ಣ ಬಳಿದ ಎತ್ತನ್ನು ಪೇಟೆಯಿಂದ ತರುತ್ತಾರೆ. ಕುಂಬಾರರು ಮಾಡಿದ್ದಾದರೆ ಅವರ ಕಾಯಕಕ್ಕೆ ಸಂದಿತು ಎನ್ನೋಣ. ಅಚ್ಚಿನಲ್ಲಿ ಹೊಯ್ದ ಎತ್ತು ಎಲ್ಲಿಂದಲೋ ಬರುತ್ತದೆ. ಹಿಂದೆ ಮಗು ಮಾಡಿದ ಎತ್ತಿಗೆ ಒಂದು ಕಾಲು ಗಿಡ್ಡವಾಗುತ್ತಿತ್ತು, ಅದನ್ನು ನೋಡಿ ಅಜ್ಜ ನಗುತ್ತಿದ್ದ, ಮಗು ಅಳುತ್ತಿತ್ತು, ಮತ್ತೆ ಮಣ್ಣು ಕಲಸುತ್ತಿತ್ತು. ಕೊಂಡು ತಂದ ಎತ್ತಿಗೆ ನಾಲ್ಕೂ ಕಾಲು ಸರಿಯಾಗಿರುತ್ತವೆ. ಅರ್ಧ ತಾಸಿನ ಮೇಲೆ ಮಗು ಅದನ್ನು ಮರೆತು ಫೋನು ಕೇಳುತ್ತದೆ.

ಪಟ್ಟಿಯ ವಿಷಯ ಏನಾಯಿತೆಂದು ಭಕ್ತರು ಕೇಳಬಹುದು. ಮರುವಾರ ಹುಡುಗರು ಮತ್ತೆ ಬಂದರು. ಆರ್ಕೆಸ್ಟ್ರಾ ಬೇಡವೆಂದು ನಾವು ಅಪ್ಪಣೆ ಕೊಡಲಿಲ್ಲ. ತರುಣರ ಉತ್ಸಾಹವನ್ನು ಮುರಿಯುವುದರಿಂದ ಮೇಳ ಹುಟ್ಟುವುದಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಹಣ ಬರೆಯದೆ "ಶ್ರೀಮಠದಿಂದ ಒಂದು ಜೋಡಿ ತಬಲಾ, ಊರ ಮೇಳದ ಹಾರ್ಮೋನಿಯಂ ದುರಸ್ತಿ" ಎಂದು ಬರೆದೆವು. ಆರ್ಕೆಸ್ಟ್ರಾಕ್ಕಿಂತ ಮುಂಚೆ ಒಂದು ತಾಸು ಊರ ಮೇಳ ಹಾಡಬೇಕೆಂದು ಕೇಳಿಕೊಂಡೆವು. ಹುಡುಗರು ಒಪ್ಪಿದರು, ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಜಾತ್ರೆಯ ರಾತ್ರಿ ಆ ಒಂದು ತಾಸು ಚೆನ್ನಾಗಿ ಆಯಿತೆಂದು ನಾವು ಬರೆದರೆ ಸುಳ್ಳಾದೀತು. ಹಾರ್ಮೋನಿಯಂ ಒಂದು ಶ್ರುತಿ, ಹಾಡುವವರದು ಇನ್ನೊಂದು. ಮುಂದೆ ಕುಳಿತ ಜನ ಮಾತನಾಡುತ್ತಿದ್ದರು, ಹಿಂದಿನವರು ಆರ್ಕೆಸ್ಟ್ರಾ ಯಾವಾಗ ಎಂದು ಕೂಗಿದರು. ಎರಡನೆಯ ಪದದಲ್ಲಿ ಹೇಳುವವರಿಗೆ ಸಾಲು ಮರೆಯಿತು. ಮೇಳದವರು ಒಬ್ಬರ ಬಾಯಿ ಒಬ್ಬರು ನೋಡುತ್ತಿರುವಾಗ ಹೆಂಗಸರ ಸಾಲಿನಿಂದ ಯಾರೋ ಆ ಸಾಲನ್ನು ಎತ್ತಿ ಕೊಟ್ಟರು. ಮೇಳ ಮುಂದುವರಿಯಿತು. ಆರ್ಕೆಸ್ಟ್ರಾ ಬಂದ ಮೇಲೆ ಜನ ಎದ್ದು ಕುಣಿದರು. ಹುಡುಗರಿಗೆ ಸಂತೋಷವಾಯಿತು, ನಮಗೂ ಅದರಲ್ಲಿ ಬೇಸರವಿಲ್ಲ.

ದೀಪಾವಳಿಯಿಂದ ಈಚೆಗೆ ಶ್ರೀಮಠದ ನಸುಕಿನ ಕರ್ಣೆಯನ್ನು ನಾವು ನಿಲ್ಲಿಸಿದ್ದೇವೆ. ಮಠದ ಕಳೆ ಹೋಯಿತೆಂದು ಕೆಲವು ಭಕ್ತರು ಅಸಮಾಧಾನಪಟ್ಟಿದ್ದಾರೆ. ಅವರು ಹೇಳುವುದು ನಿಜ. ಕೆಲವು ದಿನ ನಸುಕಿನಲ್ಲಿ ಏನೂ ಕೇಳಿಸುವುದಿಲ್ಲ, ಗಂಟೆ ಮಾತ್ರ. ಸೋಮವಾರ ಮೂವರು ಬರುತ್ತಾರೆ, ಒಮ್ಮೊಮ್ಮೆ ಐವರು. ಆ ನಾಲ್ಕು ಹುಡುಗರಲ್ಲಿ ಒಬ್ಬನು, "ಯಾರ್ ಕೇಳ್ತಾರ್ರಿ" ಎಂದವನೇ, ತಾಳ ಹಾಕಲು ಕುಳಿತುಕೊಳ್ಳುತ್ತಾನೆ. ಅವನಿಗೆ ಇನ್ನೂ ಓಟ ಜಾಸ್ತಿ. ದಮ್ಮಡಿಯ ಹಿರಿಯರನ್ನು ಕರೆಯಲು ನಾವೇ ಎರಡು ಸಲ ಅವರ ಮನೆಗೆ ಹೋಗಿ ಬಂದೆವು. "ಬರ್ತೀನ್ರಿ ಅಪ್ಪಾರ, ಮೊಣಕಾಲು ಬ್ಯಾನಿ" ಎಂದರು. ಕಳೆದ ಸೋಮವಾರ ಅವರ ಮೊಮ್ಮಗಳು ಬಂದಳು, ಐದನೆಯ ಇಯತ್ತೆ ಓದುವ ಮಗು, ಕೈಯಲ್ಲಿ ಅವರ ದಮ್ಮಡಿ. "ಅಜ್ಜ ಕೊಟ್ಟ್ ಕಳಿಸ್ಯಾನ್ರಿ" ಎಂದಳು. ಹಿರಿಯರು ಇನ್ನೂ ಬಂದಿಲ್ಲ.